ಸೆಸ್ನಾ 172ಕ್ಕೆ ಗಾರ್ಮಿನ್ ಜಿ5 ಜೋಡಿ: ಡಬ್ಬಿ ಸಣ್ಣದು, ಕೆಲಸ ದೊಡ್ಡದು

1970ರ ದಶಕದ ಸೆಸ್ನಾ 172 ಎಂಬ ಸಣ್ಣ ವಿಮಾನದಲ್ಲಿ ಪೈಲಟ್ ಮುಂದೆ ಮೂರು ಮೂರರ ಎರಡು ಸಾಲಿನಲ್ಲಿ ಗಡಿಯಾರದಂತೆ ಕಾಣುವ ಆರು ಉಪಕರಣಗಳಿರುತ್ತವೆ. ನಡುವಿನ ಎರಡು, ಅಂದರೆ ವಿಮಾನದ ವಾಲಿಕೆ ತೋರಿಸುವ ಮೇಲಿನ ಆಟಿಟ್ಯೂಡ್ ಇಂಡಿಕೇಟರ್ ಮತ್ತು ದಿಕ್ಕು ತೋರಿಸುವ ಕೆಳಗಿನ ಡೈರೆಕ್ಷನಲ್ ಜೈರೋ, ಗಾಳಿ ಎಳೆದು ಒಳಗಿನ ಜೈರೋ ಚಕ್ರಗಳನ್ನು ತಿರುಗಿಸುವ ಒಂದೇ ವ್ಯಾಕ್ಯೂಮ್ ಪಂಪನ್ನು ನಂಬಿಕೊಂಡಿವೆ. ಒಣ ಪಂಪಿನೊಳಗೆ ತಿರುಗುವುದು ಇಂಗಾಲದ ರೆಕ್ಕೆಗಳು. ಅವು ಸವೆಯುವುದು ಹೊರಗೆ ಕಾಣುವುದಿಲ್ಲ, ಮುರಿದಾಗ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಮೋಡದೊಳಗೆ ಪಂಪು ಕೈಕೊಟ್ಟರೆ ಎರಡೂ ಜೈರೋಗಳು ನಿಧಾನವಾಗಿ ವಾಲುತ್ತ ಸುಳ್ಳು ಹೇಳತೊಡಗುತ್ತವೆ. ಈ ಜೈರೋಗಳ ಜಾಗದಲ್ಲಿ ಕೂರುವ ಪುಟ್ಟ ಎಲೆಕ್ಟ್ರಾನಿಕ್ ಪರದೆ ಗಾರ್ಮಿನ್ ಜಿ5 ಇಷ್ಟು ವಿಮಾನಗಳಿಗೆ ಹತ್ತಿದ್ದು ಈ ಒಂದು ಕಾರಣಕ್ಕೆ.

ಸರ್ಕಾರಿ ಪ್ರಮಾಣಪತ್ರವಿರುವ (ಸರ್ಟಿಫೈಡ್) ವಿಮಾನಗಳಿಗೆ ಇದು ಬಂದದ್ದು 2016ರಲ್ಲಿ, ಆಗಿನ ಬೆಲೆ 2,149 ಡಾಲರ್. ಮರುವರ್ಷ ಕೆಳಗಿನ ಜೈರೋ ಜಾಗಕ್ಕೂ ಅನುಮತಿ ಸಿಕ್ಕಿತು. ಜೋಡಿ ಹಾಕಿದರೆ ಪಂಪು, ರೆಗ್ಯುಲೇಟರ್, ಫಿಲ್ಟರ್, ಹೋಸು, ಸಕ್ಷನ್ ಗೇಜು ಎಲ್ಲವನ್ನೂ ಬಿಚ್ಚಿ ಹಾಕಬಹುದು. ಮೂರೂವರೆ ಇಂಚಿನ ಪರದೆ, ಹಳೆಯ 3 1/8 ಇಂಚಿನ ತೂತಿಗೇ ಕೂರುತ್ತದೆ. ಬೆನ್ನಿನ ಬ್ಯಾಟರಿ 4 ಗಂಟೆಯವರೆಗೆ ನಡೆಸುತ್ತದೆ. ಮೇಲಿನದು ಸತ್ತರೆ ಕೆಳಗಿನದು ತಾನೇ ಆಟಿಟ್ಯೂಡ್ ತೋರಿಸತೊಡಗುತ್ತದೆ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಟೋಪೈಲಟ್ ಇಲ್ಲದ, ಅಥವಾ ತಿರುವಿನ ವೇಗ ತೋರಿಸುವ ಟರ್ನ್ ಕೋಆರ್ಡಿನೇಟರ್ ನೆಚ್ಚಿ ನಡೆಯುವ ಎಸ್-ಟೆಕ್ 30, 50 ತರಹದ ಆಟೋಪೈಲಟ್ ಇರುವ 172ಕ್ಕೆ ಈ ದುಡ್ಡಿಗೆ ಇದಕ್ಕಿಂತ ಒಳ್ಳೆಯ ಮಾಲಿಲ್ಲ. ಸೆಂಚುರಿ 3 ಅಥವಾ ಕಿಂಗ್ ಕೆಎಪಿ 150 ಇರುವ ವಿಮಾನಕ್ಕೆ ಇದು ತಪ್ಪು ಆಯ್ಕೆ. ಆ ಆಟೋಪೈಲಟ್‌ಗಳಿಗೆ ವಿಮಾನ ಎಷ್ಟು ವಾಲಿದೆ, ಮೂಗು ಎಷ್ಟು ಎದ್ದಿದೆ ಎಂದು ಹೇಳುವುದೇ ಹಳೆಯ ಆಟಿಟ್ಯೂಡ್ ಇಂಡಿಕೇಟರ್. ಜಿ5 ಅವಕ್ಕೆ ಹೆಡಿಂಗ್, ಅಂದರೆ ಮೂಗಿನ ದಿಕ್ಕು, ಕೊಡಬಲ್ಲದು, ಆಟಿಟ್ಯೂಡ್ ಕೊಡಲಾರದು. ಹಳೆಯ ಜೈರೋ ಕಿತ್ತ ದಿನ ಆಟೋಪೈಲಟ್ ಬರೀ ಭಾರವಾಗಿ ಉಳಿಯುತ್ತದೆ. ಅಂಥವರು 2020ರಲ್ಲಿ ಬಂದ ಗಾರ್ಮಿನ್‌ನದೇ ಜಿಐ 275 ನೋಡಬೇಕು. ಬೆಲೆ ಹೆಚ್ಚು, ಬ್ಯಾಟರಿ ಬಾಳಿಕೆ ಕಡಿಮೆ, ಆದರೆ ಹಳೆಯ ಆಟೋಪೈಲಟ್‌ಗಳ ಭಾಷೆ ಅದಕ್ಕೆ ಗೊತ್ತು. ಹೊಸ ಆಟೋಪೈಲಟನ್ನೇ ಹಾಕಿಸುವ ಮನಸ್ಸಿದ್ದರೆ ಮಾತು ಬೇರೆ. ಗಾರ್ಮಿನ್ ಜಿಎಫ್‌ಸಿ 500 ಜಿ5 ಜೊತೆಗೇ ಕೆಲಸ ಮಾಡುತ್ತದೆ. ಮುಂದೆ ಅದು ಬರುವುದಾದರೆ ಜಿ5ಕ್ಕೆ ಹಾಕಿದ ಹಣ ವ್ಯರ್ಥವಲ್ಲ.

ರೇಡಿಯೋ ವಿಷಯದಲ್ಲೂ ಇದೇ ತೊಡಕು. ಪ್ಯಾನೆಲ್‌ನಲ್ಲಿ ಕಿಂಗ್ ಕೆಎಕ್ಸ್ 155 ಎಂಬ ಹಳೆಯ ರೇಡಿಯೋ ಇದ್ದು, ನೆಲದ ರೇಡಿಯೋ ಕೇಂದ್ರಗಳಿಂದ ದಾರಿ ತೋರಿಸುವ ವಿಒಆರ್ ಮತ್ತು ರನ್‌ವೇಗೆ ಇಳಿಯುವ ದಾರಿ ತೋರಿಸುವ ಐಎಲ್‌ಎಸ್ ಸೂಜಿಗಳನ್ನು ಕೆಳಗಿನ ಜಿ5ರಲ್ಲಿ ನೋಡುವ ಆಸೆಯಿದ್ದರೆ ಅದು ಆಗದ ಮಾತು. ಅನಲಾಗ್ ಸಿಗ್ನಲ್ ಇದಕ್ಕೆ ಅರ್ಥವಾಗದು. ಜಿಟಿಎನ್ 650, ಜಿಪಿಎಸ್ 175, ಜಿಎನ್‌ಎಸ್ 430ಡಬ್ಲ್ಯೂ ತರಹದ ಜಿಪಿಎಸ್ ಇದ್ದರೆ ಜಿಎಡಿ 29ಬಿ ಎಂಬ ಅಡಾಪ್ಟರ್ ಮೂಲಕ ಸೂಜಿ ಬರುತ್ತದೆ. ಎಸ್-ಟೆಕ್‌ಗೆ ಹೆಡಿಂಗ್ ಬಗ್ (ಬೇಕಾದ ದಿಕ್ಕಿಗೆ ಇಟ್ಟ ಗುರುತು) ಕಳಿಸುವುದೂ ಇದೇ ಪೆಟ್ಟಿಗೆ. ಕೊಟೇಶನ್‌ನಲ್ಲಿ ಇದನ್ನು ಬಿಟ್ಟು ಕಡಿಮೆ ಮೊತ್ತ ತೋರಿಸುವುದುಂಟು. ಆ ಸಾಲು ಇದೆಯೇ ಇಲ್ಲವೇ ಎಂದು ಬೆರಳಿಟ್ಟು ನೋಡಿ. ಹಳೆಯ ರೇಡಿಯೋ ಉಳಿಯುವುದಾದರೆ ಆ ಸೂಜಿಗಳಿರುವ ಅದರ ಸಿಡಿಐ ಗಡಿಯಾರವೂ ಪ್ಯಾನೆಲ್‌ನಲ್ಲೇ ಉಳಿಯಲಿ.

ಏನನ್ನು ತೆಗೆಯಬಾರದು ಎಂಬುದೂ ಗೊತ್ತಿರಬೇಕು. ಜಿ5 ಪರದೆಯ ಎಡಕ್ಕೆ ವೇಗ, ಬಲಕ್ಕೆ ಎತ್ತರ ಓಡುತ್ತಿರುತ್ತವೆ. ಹಾಗೆಂದು ಮೂಲ ಏರ್‌ಸ್ಪೀಡ್, ಆಲ್ಟಿಮೀಟರ್, ವರ್ಟಿಕಲ್ ಸ್ಪೀಡ್ ಗಡಿಯಾರಗಳನ್ನು ಕೀಳುವಂತಿಲ್ಲ. ಕಾಗದದ ಪ್ರಕಾರ ಅವೇ ಯಜಮಾನರು, ಜಿ5ರ ಪಟ್ಟಿಗಳು ಪೂರಕ. ಇದರಿಂದ ಒಂದು ಸಣ್ಣ ಕಿರಿಕಿರಿಯೂ ಇದೆ: ಎತ್ತರ ಸರಿಯಾಗಿ ತೋರಲು ಬೇಕಾದ ಗಾಳಿಯ ಒತ್ತಡದ ಅಂಕಿಯನ್ನು ಹಳೆಯ ಆಲ್ಟಿಮೀಟರ್‌ನಲ್ಲೊಮ್ಮೆ, ಜಿ5ರಲ್ಲೊಮ್ಮೆ ಕೂಡಿಸಬೇಕು. ಒಂದನ್ನು ಮರೆತರೆ ಎರಡು ಎತ್ತರಗಳು ಜಗಳವಾಡುತ್ತವೆ. ಪವರ್ ಬಟನ್ ಬಿಟ್ಟರೆ ಇಡೀ ಉಪಕರಣಕ್ಕೆ ಇರುವುದು ಒಂದೇ ಗುಂಡಿ. ತಿರುಗಿಸು, ಒತ್ತು, ಆರಿಸು, ಮತ್ತೆ ತಿರುಗಿಸು. ನೆಲದ ಮೇಲೆ ಸರಿ, ಗಾಳಿ ಕುಲುಕುವಾಗ ಹೆಡಿಂಗ್ ಬಗ್ ಹಿಡಿಯಲು ತಾಳ್ಮೆ ಬೇಕು. ಬಲಗಡೆ ಸೀಟಿನಿಂದ ಅಂಕಿಗಳು ಚಿಕ್ಕವು, ಪಾಠ ಹೇಳುವವರು ಕುತ್ತಿಗೆ ಚಾಚಬೇಕಾಗುತ್ತದೆ.

ಜೋಡಣೆಗೆ ಬಂದರೆ, ಪರದೆ ಕೂರಿಸುವುದು ಇಡೀ ಕೆಲಸದಲ್ಲಿ ಅತಿ ಸುಲಭದ ಭಾಗ. ಕಷ್ಟವಿರುವುದು ರೆಕ್ಕೆಯಲ್ಲಿ. ಕೆಳಗಿನ ಜಿ5ಕ್ಕೆ ದಿಕ್ಕು ಹೇಳುವುದು ಜಿಎಂಯು 11 ಎಂಬ ಮ್ಯಾಗ್ನೆಟೋಮೀಟರ್. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು, ಮಡಿವಂತಿಕೆ ಮಾತ್ರ ದೊಡ್ಡದು. ಕಬ್ಬಿಣ ಹತ್ತಿರ ಸುಳಿಯಬಾರದು, ಏಲರಾನ್‌ನ (ವಿಮಾನವನ್ನು ವಾಲಿಸುವ ರೆಕ್ಕೆಯಂಚಿನ ಹಲಗೆ) ಉಕ್ಕಿನ ಕೇಬಲ್ ಪಕ್ಕದಲ್ಲಿ ಅಲ್ಲಾಡಬಾರದು, ಮಿನುಗುವ ಸ್ಟ್ರೋಬ್ ದೀಪ, ನ್ಯಾವಿಗೇಶನ್ ದೀಪ, ಪಿಟೋ ಹೀಟ್ (ವೇಗ ಅಳೆಯುವ ಪಿಟೋ ಕೊಳವೆಯನ್ನು ಬಿಸಿಮಾಡುವ) ವೈರುಗಳು ದೂರವಿರಬೇಕು. ಬಿಗಿಯುವ ಸ್ಕ್ರೂಗಳೂ ಅಯಸ್ಕಾಂತಕ್ಕೆ ಅಂಟದ ಲೋಹದವೇ ಆಗಬೇಕು. ಸ್ಕ್ರೂ ಬಿಗಿಯುವ ಸ್ಕ್ರೂಡ್ರೈವರ್ ತುದಿಗೆ ಅಯಸ್ಕಾಂತವಿದ್ದರೂ ತೊಂದರೆ. ಬ್ರಾಕೆಟ್ ವಿಮಾನದ ಉದ್ದಗೆರೆಗೆ ನೇರವಾಗಿ, ಸಮತಟ್ಟಾಗಿ ಕೂರಬೇಕು.

ಇಲ್ಲಿ ಎಡವುವ ಕ್ರಮ ಬಹುಮಟ್ಟಿಗೆ ಒಂದೇ. ಕೈಗೆ ಎಟಕುತ್ತದೆಂದು ಮುಚ್ಚಳವಿರುವ ಯಾವುದೋ ತೂತಿನ ಬಳಿ ಬ್ರಾಕೆಟ್ ರಿವೆಟ್ ಹೊಡೆದು, ವೈರು ಎಳೆದು, ಎಲ್ಲ ಮುಗಿದ ಮೇಲೆ ಕಾಂತ ಅಡಚಣೆಯ ಪರೀಕ್ಷೆ ಮಾಡುತ್ತಾರೆ. ಸ್ಟ್ರೋಬ್ ಹಾಕಿದೊಡನೆ ದಿಕ್ಕು ಕದಲುತ್ತದೆ. ಆಗ ರೆಕ್ಕೆ ಮತ್ತೆ ಬಿಚ್ಚಬೇಕು, ಕೂಲಿ ಎರಡರಷ್ಟು. ಸರಿಯಾದ ದಾರಿ ತಿರುಗುಮುರುಗು. ಮೊದಲು ಮ್ಯಾಗ್ನೆಟೋಮೀಟರನ್ನು ತಾತ್ಕಾಲಿಕವಾಗಿ ಟೇಪಿನಿಂದ ಅಂಟಿಸಿ, ಉದ್ದದ ವೈರಿನಿಂದ ಜಿ5ಕ್ಕೆ ಜೋಡಿಸಿ, ಪರೀಕ್ಷೆ ಓಡಿಸಿ. ಒಂದೊಂದೇ ಸ್ವಿಚ್ಚು ಹಾಕಿ ತೆಗೆಯಿರಿ, ಫ್ಲಾಪ್ ಇಳಿಸಿ ಏರಿಸಿ, ಏಲರಾನ್ ಕೊನೆಯಿಂದ ಕೊನೆಗೆ ತಿರುಗಿಸಿ. ಪಾಸಾದರೆ ಮಾತ್ರ ಡ್ರಿಲ್ ಕೈಗೆತ್ತಿಕೊಳ್ಳುವುದು. ಕೊಟೇಶನ್ ಕೇಳುವಾಗಲೇ ಈ ಕ್ರಮ ಅನುಸರಿಸುತ್ತೀರಾ ಎಂದು ಕೇಳಿ. ಉತ್ತರ ಹೇಳುವ ಧಾಟಿಯಲ್ಲೇ ಅಂಗಡಿಯ ಅನುಭವ ಗೊತ್ತಾಗುತ್ತದೆ.

ಎರಡನೆಯ ಕಾಟ ಕ್ಯಾನ್ ಬಸ್‌ದು. ಎರಡು ಜಿ5, ಮ್ಯಾಗ್ನೆಟೋಮೀಟರ್, ಅಡಾಪ್ಟರ್ ಎಲ್ಲ ಮಾತಾಡಿಕೊಳ್ಳುವುದು ಹೆಣೆದ ಒಂದು ಜೊತೆ ತಂತಿಯ ಮೇಲೆ. ಸಾಲಿನ ಎರಡು ತುದಿಗಳಲ್ಲಿ ಮಾತ್ರ 120 ಓಮ್ ಟರ್ಮಿನೇಶನ್ (ತುದಿಗೆ ಹಾಕುವ ರೆಸಿಸ್ಟರ್) ಬೇಕು, ನಡುವೆ ಎಲ್ಲೂ ಕೂಡದು. ನಡುವಿನ ಉಪಕರಣಕ್ಕೂ ಟರ್ಮಿನೇಟರ್ ಸಿಕ್ಕಿಸಿದರೆ, ಅಥವಾ ತುದಿಯದನ್ನು ಮರೆತರೆ, ಟೇಬಲ್ ಮೇಲೆ ಎಲ್ಲವೂ ಸರಿಯಾಗೇ ನಡೆದು ಹಾರಾಟದಲ್ಲಿ ಹೆಡಿಂಗ್ ಮೇಲೆ ಕೆಂಪು ಅಡ್ಡಗೀಟು ಬಂದು ಹೋಗುತ್ತಿರುತ್ತದೆ. ಪತ್ತೆ ಸುಲಭ: ವಿದ್ಯುತ್ ಆರಿಸಿ, ಎರಡು ತಂತಿಗಳ ನಡುವೆ ಮೀಟರ್ ಇಡಿ. 60 ಓಮ್ ಹತ್ತಿರ ಬಂದರೆ ಸರಿ. 120 ಬಂದರೆ ಒಂದು ತುದಿ ಬಿಟ್ಟುಹೋಗಿದೆ, 40 ಬಂದರೆ ಒಂದು ಹೆಚ್ಚಾಗಿದೆ.

ಮೂರನೆಯದು ಹೊರಗಿನ ಗಾಳಿಯ ಒತ್ತಡ ತರುವ ಸ್ಟ್ಯಾಟಿಕ್ ಪೈಪು. ಮೇಲಿನ ಜಿ5ಕ್ಕೆ ಪಿಟೋ ಮತ್ತು ಸ್ಟ್ಯಾಟಿಕ್ ಎರಡೂ ಕೊಡಬೇಕು, ಹಾಗಾಗಿ ಹಳೆಯ ಪೈಪಿಗೆ ಟೀ ಆಕಾರದ ಕವಲು ಹಾಕಬೇಕು. ದಶಕಗಳಷ್ಟು ಹಳೆಯ ಪ್ಲಾಸ್ಟಿಕ್ ಪೈಪು ಒಣಗಿದ ಕಡ್ಡಿಯಂತಾಗಿರುತ್ತದೆ. ಮುಟ್ಟಿದ ಕಡೆಯಲ್ಲದೆ ಮುಟ್ಟದ ಕಡೆಯೂ ಬಿರುಕು ಬಿಡುತ್ತದೆ. ಅದನ್ನು ಹಾಗೇ ಬಿಟ್ಟು ಹೊಸ ಪರದೆ ಹಾಕಿಸುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬಂತೆ. ಪ್ಯಾನೆಲ್ ಹಿಂದಿನ ಪೈಪನ್ನೆಲ್ಲ ಹೊಸದು ಹಾಕಿಸಿ, ಸಾಮಾನಿನ ಖರ್ಚು ಅಲ್ಪ. ಆಮೇಲೆ ಸೋರಿಕೆ ಪರೀಕ್ಷೆ ಆಗಲೇಬೇಕು: ಆಲ್ಟಿಮೀಟರ್ 1,000 ಅಡಿ ಹೆಚ್ಚು ತೋರಿಸುವಷ್ಟು ಗಾಳಿ ಎಳೆದು ಮುಚ್ಚಿದರೆ ಒಂದು ನಿಮಿಷದಲ್ಲಿ 100 ಅಡಿಗಿಂತ ಹೆಚ್ಚು ಇಳಿಯಕೂಡದು. ಅಮೆರಿಕದಲ್ಲಿ ಐಎಫ್‌ಆರ್ (ಉಪಕರಣಗಳನ್ನು ನೋಡಿಯೇ ಹಾರುವ) ಹಾರಾಟಕ್ಕೆ 24 ತಿಂಗಳಿಗೊಮ್ಮೆ ಆಲ್ಟಿಮೀಟರ್ ಮತ್ತು ಸ್ಟ್ಯಾಟಿಕ್ ಪರೀಕ್ಷೆ ಹೇಗೂ ಕಡ್ಡಾಯ. ಅದರ ಗಡುವು ಹತ್ತಿರವಿದ್ದರೆ ಎರಡನ್ನೂ ಒಟ್ಟಿಗೆ ಮುಗಿಸಿ.

ಪಂಪು ತೆಗೆದ ಜಾಗಕ್ಕೆ ಎಂಜಿನ್ ಹಿಂಬದಿಯಲ್ಲಿ ಗ್ಯಾಸ್ಕೆಟ್ ಸಮೇತ ಮುಚ್ಚಳ ಬೇಕು. ಚಿಕ್ಕ ಭಾಗವೇ, ಆದರೆ ಆರ್ಡರ್ ಮಾಡಲು ಮರೆತರೆ ವಿಮಾನ ಹ್ಯಾಂಗರ್‌ನಲ್ಲೇ ಕಾಯುತ್ತದೆ. ಪ್ಯಾನೆಲ್ ಹಿಡಿದಿರುವ ರಬ್ಬರ್ ಶಾಕ್ ಮೌಂಟ್‌ಗಳು ಜೋತುಬಿದ್ದಿದ್ದರೆ ಅವನ್ನೂ ಬದಲಿಸಿ, ಇಲ್ಲದಿದ್ದರೆ ವಾಲಿದ ಪ್ಯಾನೆಲನ್ನೇ ಸಮತಟ್ಟೆಂದು ಜಿ5ಕ್ಕೆ ಕಲಿಸಿದಂತಾಗುತ್ತದೆ. ಗುಂಡಿ ಒತ್ತಿಹಿಡಿದು ಆನ್ ಮಾಡಿದರೆ ಕಾನ್ಫಿಗರೇಶನ್ ತೆರೆಯುತ್ತದೆ. ಪಿಚ್ (ಮೂಗಿನ ಏರಿಳಿತ) ಮತ್ತು ರೋಲ್ (ಪಕ್ಕದ ವಾಲಿಕೆ) ಸೊನ್ನೆ ಮಾಡುವ ಮೊದಲು ವಿಮಾನವನ್ನು ನಿಜವಾಗಿ ಸಮತಟ್ಟಾಗಿಸಬೇಕು. ಪಿಚ್‌ಗೆ ಬಾಲದ ಎಡಮೈಯಲ್ಲಿರುವ ಎರಡು ಲೆವೆಲಿಂಗ್ ಸ್ಕ್ರೂಗಳ ಮೇಲೆ ಮಟ್ಟಗೋಲು ಇಟ್ಟು ನೋಡುವುದು. ಹ್ಯಾಂಗರ್ ನೆಲ ನಂಬಬೇಡಿ.

ಯೋಜನೆ ಹಾಕುವಾಗ ಪ್ಯಾನೆಲ್‌ನ ನಿಜ ಅಳತೆಯ ರಟ್ಟು ಕತ್ತರಿಸಿ, ಎಲ್ಲ ಉಪಕರಣಗಳ ಚಿತ್ರ ಅಂಟಿಸಿ, ಸೀಟಿನಲ್ಲಿ ಕೂತು ನೋಡಿ. ಮುಂದಿನ ವರ್ಷ ಜಿಪಿಎಸ್ ತರುವುದಿದ್ದರೆ ಅದರ ವೈರುಗಳನ್ನು ಈಗಲೇ ಎಳೆಸಿ, ತುದಿ ಮುಚ್ಚಿ, ಹೆಸರು ಬರೆದು ಕಟ್ಟಿಸಿಡಿ. ಪ್ಯಾನೆಲ್ ಎರಡು ಸಲ ಬಿಚ್ಚುವ ಕೂಲಿ ವೈರಿನ ಬೆಲೆಗಿಂತ ಎಷ್ಟೋ ಹೆಚ್ಚು. ವೋಲ್ಟೇಜ್ ಚಿಂತೆ ಬೇಡ, 14 ಆಗಲಿ 28 ಆಗಲಿ ಜಿ5ಕ್ಕೆ ಒಂದೇ. ಆದರೆ ಒಂದೊಂದಕ್ಕೂ ಬೇರೆ ಬೇರೆ ಬ್ರೇಕರ್ ಬೇಕು, ಒಂದೇ ಬ್ರೇಕರ್‌ಗೆ ಎರಡನ್ನೂ ಕಟ್ಟಿದರೆ ಜೋಡಿಯ ಅರ್ಥವೇ ಹೋಯಿತು.

ಕಾಗದಪತ್ರ: ಎಸ್‌ಟಿಸಿಯ (ವಿಮಾನದ ಮೂಲ ವಿನ್ಯಾಸ ಬದಲಿಸಲು ಕೊಡುವ ಸರ್ಕಾರಿ ಅನುಮತಿ) ಮಾದರಿ ಪಟ್ಟಿಯಲ್ಲಿ 172 ಇದೆ, ಹಾಗಾಗಿ ಅಮೆರಿಕದಲ್ಲಿ ಬದಲಾವಣೆ ದಾಖಲಿಸುವ ಫಾರ್ಮ್ 337, ಹೊಸ ತೂಕ ಮತ್ತು ಸಮತೋಲನದ ಲೆಕ್ಕ, ಫ್ಲೈಟ್ ಮ್ಯಾನ್ಯುಯಲ್‌ಗೆ ಪೂರಕ ಪುಟಗಳು ಇಷ್ಟು ಸಾಕು. ಪೂರಕ ಪುಟ ವಿಮಾನದೊಳಗೇ ಇರಬೇಕು. ಜಕ್ಕೂರಿನಲ್ಲೋ ಮೈಸೂರಿನಲ್ಲೋ ನಿಂತ ವಿಟಿ (ಭಾರತದ) ನೋಂದಣಿಯ ವಿಮಾನವಾದರೆ ಮೊದಲ ಸ್ಕ್ರೂ ಬಿಚ್ಚುವ ಮೊದಲೇ ವಿಮಾನಯಾನ ನಿಯಂತ್ರಕ ಡಿಜಿಸಿಎ ಕಡೆಯ ಒಪ್ಪಿಗೆ ಇತ್ಯರ್ಥ ಮಾಡಿಕೊಳ್ಳಿ.

ಕೊನೆಯ ಕಂತು ಕೊಡುವ ಮೊದಲು ಹ್ಯಾಂಗರ್ ಹೊರಗೆ ಕಾಲು ಗಂಟೆ ಖರ್ಚು ಮಾಡಿ. ಎಂಜಿನ್ ಓಡುತ್ತಿರುವಾಗ ಎಲ್ಲ ದೀಪ, ಪಿಟೋ ಹೀಟ್ ಹಾಕಿ ಹೆಡಿಂಗ್ ಕದಲದೆ ನಿಂತಿದೆಯೇ ನೋಡಿ. ಮೇಲಿನ ಜಿ5ನ್ನು ಪೂರ್ತಿ ಆರಿಸಿ, ಕೆಳಗಿನದು ತಾನಾಗಿ ಆಟಿಟ್ಯೂಡ್‌ಗೆ ಹೊರಳಬೇಕು. ಆಮೇಲೆ ಎಂಜಿನ್ ನಿಲ್ಲಿಸಿ ಮಾಸ್ಟರ್ ಸ್ವಿಚ್ಚು ಆರಿಸಿ. ಪರದೆಗಳು ಬ್ಯಾಟರಿಯ ಮೇಲೆ ಉರಿಯುತ್ತಲೇ ಇರುತ್ತವೆ, ಆದರೆ ಹೆಡಿಂಗ್ ಮಾಯವಾಗುತ್ತದೆ. ಗಾಬರಿ ಬೇಡ, ಮ್ಯಾಗ್ನೆಟೋಮೀಟರ್‌ಗೆ ವಿದ್ಯುತ್ ಬರುವುದು ವಿಮಾನದಿಂದಲೇ ಹೊರತು ಆ ಬ್ಯಾಟರಿಯಿಂದಲ್ಲ. ಗಾಳಿಯಲ್ಲಿ ವಿದ್ಯುತ್ ಹೋದರೆ ಹೆಡಿಂಗ್ ಜಾಗದಲ್ಲಿ ಜಿ5 ತೋರಿಸುವುದು ಜಿಪಿಎಸ್ ಜಾಡು (ವಿಮಾನ ನೆಲದ ಮೇಲೆ ಸಾಗುತ್ತಿರುವ ದಿಕ್ಕು) ಮಾತ್ರ. ಮೂಗಿನ ದಿಕ್ಕು ಬೇಕೆಂದರೆ ವಿಂಡ್‌ಶೀಲ್ಡ್ ಬಳಿಯ ದ್ರವ ತುಂಬಿದ ಹಳೆಯ ಕಂಪಾಸೇ ಗತಿ, ಆದ್ದರಿಂದ ಅದನ್ನೂ ಹೊಸ ಪ್ಯಾನೆಲ್‌ಗೆ ತಕ್ಕಂತೆ ಮತ್ತೆ ಸ್ವಿಂಗ್ ಮಾಡಿಸಿ (ವಿಮಾನವನ್ನು ದಿಕ್ಕು ದಿಕ್ಕಿಗೆ ನಿಲ್ಲಿಸಿ ತಾಳೆ ನೋಡಿಸಿ) ಹೊಸ ಡೀವಿಯೇಶನ್ ಕಾರ್ಡ್, ಅಂದರೆ ಕಂಪಾಸಿನ ತಪ್ಪಿನ ಪಟ್ಟಿ, ಬರೆಸಿಕೊಳ್ಳಿ.