ಮ್ಯಾಂಡೊಲಿನ್ ಸ್ಟ್ರಮ್ಮಿಂಗ್ ಆನ್‌ಲೈನ್ ಕೋರ್ಸ್: ಚಾಪ್ ಸೂಪರ್, ಟ್ರೆಮೊಲೊ ಸಾಲದು

ಎರಡು ತಿಂಗಳಿಂದ ಈ ಕೋರ್ಸ್ ಮಾಡ್ತಿದೀನಿ, ಹೊಸಬರಿಗೆ ನಿಜವಾಗ್ಲೂ ಚೆನ್ನಾಗಿದೆ. ನಾಲ್ಕು ಜೋಡಿ ಅಂದ್ರೆ 8 ತಂತಿ ಇರೋದ್ರಿಂದ ಪಿಕ್ (ತಂತಿ ಮೀಟೋ ಚಿಕ್ಕ ಬಿಲ್ಲೆ) ಬಿಗಿಯಾಗಿ ಹಿಡಿದ್ರೆ ಸೌಂಡ್ ಕರ್ಕಶ ಆಗುತ್ತೆ, ಮಣಿಕಟ್ಟು ಸಡಿಲ ಬಿಡಿ ಅಂತ ಮೊದಲ ವಾರ ಪೂರ್ತಿ ಅದನ್ನೇ ಮಾಡಿಸ್ತಾರೆ, ಸ್ಕಿಪ್ ಮಾಡ್ಬೇಡಿ. ನಂಗೆ ತುಂಬಾ ಇಷ್ಟ ಆಗಿದ್ದು ಬ್ಲೂಗ್ರಾಸ್ (ಅಮೆರಿಕದ ಒಂದು ಸಂಗೀತ ಶೈಲಿ) ಚಾಪ್, 2 ಮತ್ತು 4ನೇ ಬೀಟ್‌ಗೆ ಹೊಡೆದ ತಕ್ಷಣ ಎಡಗೈ ಬೆರಳನ್ನ ತಂತಿಯಿಂದ ಪೂರ್ತಿ ಎತ್ತದೆ ಒತ್ತಡ ಮಾತ್ರ ಸಡಿಲಿಸ್ಬೇಕು, ಆಗ ಡ್ರಮ್ ಥರ ಟಕ್ ಅನ್ನುತ್ತೆ, ಓಪನ್ ತಂತಿ (ಬೆರಳು ಒತ್ತದೆ ಬಿಟ್ಟಿರೋದು) ಇರೋ ಕಾರ್ಡಲ್ಲಿ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪಲ್ಲಿ) ಇದು ಸರಿಯಾಗಿ ಬರಲ್ಲ ಅಂತ ಇಲ್ಲೇ ಗೊತ್ತಾಗಿದ್ದು. ಐರಿಷ್ ಜಿಗ್‌ಗೆ (ಒಂದು ಕುಣಿತದ ಟ್ಯೂನ್) 6/8 ತಾಳದಲ್ಲಿ ಕೆಳಗೆ-ಮೇಲೆ-ಕೆಳಗೆ ಎರಡು ಸಲ, ಅದನ್ನೂ ಸ್ಲೋ ಆಗಿ ತೋರಿಸಿದಾರೆ. ಟ್ರೆಮೊಲೊ (ಒಂದೇ ಸ್ವರವನ್ನ ವೇಗವಾಗಿ ಮತ್ತೆ ಮತ್ತೆ ಮೀಟೋದು) ಮಾತ್ರ ಒಂದೇ ವಿಡಿಯೋದಲ್ಲಿ ಮುಗಿಸ್ಬಿಟ್ರು, ಇಟಾಲಿಯನ್ ಸ್ಟೈಲ್‌ಗೆ ಅದೇ ಜೀವ ಅಲ್ವಾ, ತುಂಬಾ ಬೇಜಾರಾಯ್ತು.