ಟೊರೊಂಟೊ ಚಳಿಯಲ್ಲಿ ಫ್ಯೂಜಿಫಿಲ್ಮ್ ಎಕ್ಸ್-ಟಿ5: ಗ್ಲೌಸ್ ಹಾಕಿಕೊಂಡವಳ ಅನುಭವ

ಈ ಕ್ಯಾಮೆರಾದ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಆದರೆ ನಾನು ಹುಡುಕುತ್ತಿದ್ದ ಉತ್ತರ ಎಲ್ಲೂ ಸಿಕ್ಕಿರಲಿಲ್ಲ. ಡಿಸೆಂಬರ್‌ನಿಂದ ಮಾರ್ಚ್ ತನಕ ದಪ್ಪ ಗ್ಲೌಸ್ ಹಾಕಿಕೊಂಡು, ಟೊರೊಂಟೊದ ಬೀದಿಯಲ್ಲಿ ನಿಂತು ಕಟ್ಟಡಗಳದ್ದೂ ಓಡಾಡುವ ಜನರದ್ದೂ ಫೋಟೋ ತೆಗೆಯೋಕೆ ಇದು ಆಗುತ್ತಾ? ಚಳಿಗಾಲದಲ್ಲೇ ಇದನ್ನು ಜಾಸ್ತಿ ಬಳಸಿರುವುದರಿಂದ ಅಷ್ಟನ್ನೇ ಇಲ್ಲಿ ಬರೆಯುತ್ತೇನೆ. ವಿಡಿಯೋ ಬಗ್ಗೆ ಏನೂ ಹೇಳುವುದಿಲ್ಲ, ನಾನು ವಿಡಿಯೋ ಮಾಡುವವಳಲ್ಲ.

ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವಳು. ಕೆಲಸ ಕಟ್ಟಡಗಳ ನಕ್ಷೆ ಬರೆಯುವುದು. ದಿನವಿಡೀ ನೆಟ್ಟಗಿನ ಗೆರೆ ಎಳೆದವಳಿಗೆ ಫೋಟೋದಲ್ಲಿ ಗೋಡೆ ವಾಲಿಕೊಂಡಿದ್ದರೆ ಸಮಾಧಾನವೇ ಇರುವುದಿಲ್ಲ. ಸೆಕೆಂಡ್ ಹ್ಯಾಂಡ್ ಅಂಗಡಿಯೊಂದರಲ್ಲಿ ಎಕ್ಸ್-ಟಿ5 ತೆಗೆದುಕೊಂಡೆ. ಜೊತೆಗೆ 23 ಎಂಎಂ ಎಫ್2 ಲೆನ್ಸ್. ಕ್ಯಾಮೆರಾ ಬ್ಯಾಟರಿ ಸೇರಿ 557 ಗ್ರಾಂ, ಲೆನ್ಸ್ 180 ಗ್ರಾಂ. ಎರಡೂ ಸೇರಿ ಮುಕ್ಕಾಲು ಕೆಜಿಗೂ ಕಮ್ಮಿ. ಚಳಿಕೋಟಿನ ಒಳಗೆ ಕುತ್ತಿಗೆಗೆ ನೇತುಹಾಕಿಕೊಂಡು ಜಿಪ್ ಎಳೆದರೆ ಹೊರಗೆ ಗೊತ್ತೂ ಆಗುವುದಿಲ್ಲ.

ಇದರ ದೊಡ್ಡ ಗುಣ ಚಿತ್ರದ ಗುಣಮಟ್ಟ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ದೊಡ್ಡ ಗುಣ ಅದರ ತಲೆಯ ಮೇಲಿರುವ ಮೂರು ಡಯಲ್‌ಗಳು. ಎಡಕ್ಕೆ ಐಎಸ್‌ಒ (ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವುದು), ಬಲಕ್ಕೆ ಶಟರ್ ಸ್ಪೀಡ್ (ಬೆಳಕು ಎಷ್ಟು ಹೊತ್ತು ಒಳಗೆ ಬರಬೇಕು ಅನ್ನುವುದು), ಅದರಾಚೆ ಮೂಲೆಯಲ್ಲಿ ಎಕ್ಸ್‌ಪೋಶರ್, ಅಂದರೆ ಚಿತ್ರದ ಬೆಳಕು, ಹೆಚ್ಚುಕಮ್ಮಿ ಮಾಡುವ ಡಯಲ್. ಲೆನ್ಸ್ ಸುತ್ತ ಅಪರ್ಚರ್ ರಿಂಗ್, ಲೆನ್ಸಿನ ಕಂಡಿ ಎಷ್ಟು ತೆರೆಯಬೇಕು ಅನ್ನುವುದಕ್ಕೆ. ಎಲ್ಲದರ ಮೇಲೂ ಅಂಕಿಗಳಿವೆ. ಕ್ಯಾಮೆರಾ ಆಫ್ ಇದ್ದಾಗಲೂ ಎಲ್ಲಾ ಓದಬಹುದು, ತಿರುಗಿಸಬಹುದು. ಚಳಿ ಊರಲ್ಲಿ ಇದರ ಬೆಲೆ ಬೇರೆಯೇ. ಬೂಟಿನ ಲೇಸ್ ಕಟ್ಟಿಕೊಳ್ಳುವಾಗ ಕಿಟಕಿಯಿಂದ ಹೊರಗೆ ನೋಡುತ್ತೇನೆ. ಮೋಡ ಇದೆ, ಸ್ನೋ ಬೀಳುತ್ತಿದೆ. ಐಎಸ್‌ಒ 500, ಅಪರ್ಚರ್ ಎಫ್8, ಎಕ್ಸ್‌ಪೋಶರ್ ಒಂದು ಸ್ಟಾಪ್ ಮೇಲೆ, ಅಂದರೆ ಬೆಳಕು ಎರಡು ಪಟ್ಟು. ಶಟರ್ ಡಯಲ್ ಎ (ಆಟೋ) ಮೇಲೆ ಬಿಡುತ್ತೇನೆ. ಬಾಗಿಲು ದಾಟುವ ಮೊದಲೇ ಕೆಲಸ ಮುಗಿಯಿತು. ಹೊರಗೆ ಹೋದ ಮೇಲೆ ಉಳಿಯುವುದು ನೋಡುವುದು, ಒತ್ತುವುದು ಎರಡೇ.

ಮೆನು ಒಳಗೆ ಹೊಕ್ಕು ಹುಡುಕಬೇಕಾದ ಕ್ಯಾಮೆರಾಗಳಲ್ಲಿ ಈ ಅನುಕೂಲ ಇಲ್ಲ. ಮೈನಸ್ ಹತ್ತರಲ್ಲಿ, ಒಂಟಾರಿಯೊ ಸರೋವರದ ಕಡೆಯಿಂದ ಗಾಳಿ ಬೀಸುವಾಗ ಗ್ಲೌಸ್ ತೆಗೆದರೆ ಸ್ವಲ್ಪ ಹೊತ್ತಿಗೇ ಬೆರಳು ಮಾತು ಕೇಳುವುದಿಲ್ಲ. ಆಮೇಲೆ ಬೇಕಿದ್ದದ್ದು ಫೋಟೋ ಅಲ್ಲ, ಕಾಫಿ.

ಐಎಸ್‌ಒ, ಶಟರ್ ಡಯಲ್‌ಗಳ ನೆತ್ತಿಯ ಮೇಲಿನ ಗುಂಡಿ ಒತ್ತಿದರೆ ಅವು ಲಾಕ್ ಆಗುತ್ತವೆ. ಮೂಲೆಯ ಎಕ್ಸ್‌ಪೋಶರ್ ಡಯಲ್‌ಗೆ ಲಾಕ್ ಇಲ್ಲ. ಕೋಟಿನಿಂದ ಹೊರಗೆ ತೆಗೆದಾಗಲೆಲ್ಲ ಒಮ್ಮೆ ಕಣ್ಣಾಡಿಸಬೇಕು. ಗ್ಲೌಸ್ ಹಾಕಿದ ಹೆಬ್ಬೆರಳಿಗೆ ಈ ಡಯಲ್ ಚೆನ್ನಾಗಿ ಸಿಗುತ್ತದೆ. ಫೋಕಸ್ ಜಾಗ ಬದಲಿಸುವ ಜಾಯ್‌ಸ್ಟಿಕ್ ಮಾತ್ರ ಸಿಗುವುದಿಲ್ಲ, ಬಹಳ ಸಣ್ಣದು. ನಾನು ಅದನ್ನು ಚಳಿಗಾಲದಲ್ಲಿ ಮುಟ್ಟುವುದೇ ಇಲ್ಲ.

ಎಕ್ಸ್‌ಪೋಶರ್ ವಿಷಯ ಬಿಡಿಸಿ ಹೇಳಬೇಕು. ಹಿಮದಲ್ಲಿ ಮೊದಲ ಸಲ ಫೋಟೋ ತೆಗೆದವರೆಲ್ಲ ಕೇಳುವ ಪ್ರಶ್ನೆ ಒಂದೇ: ಸ್ನೋ ಯಾಕೆ ಬೂದಿ ಬಣ್ಣ ಬಂತು? ಕ್ಯಾಮೆರಾದ ಮೀಟರ್ ಎದುರಿಗೆ ಏನಿದ್ದರೂ ಅದನ್ನು ನಡುಮಧ್ಯದ ಬೂದು ಅಂತಲೇ ಲೆಕ್ಕ ಹಾಕುತ್ತದೆ. ಎದುರಿಗೆ ಬರೀ ಬಿಳಿ ಇದ್ದರೆ ಬೆಳಕು ಜಾಸ್ತಿಯಾಯಿತು ಅಂದುಕೊಂಡು ಕಮ್ಮಿ ಮಾಡುತ್ತದೆ. ನಾವು ಒಂದು, ಒಂದೂವರೆ ಸ್ಟಾಪ್ ಮೇಲೇರಿಸಬೇಕು.

ಟೊರೊಂಟೊ-ಡೊಮಿನಿಯನ್ ಸೆಂಟರ್‌ನಲ್ಲಿ ಈ ಲೆಕ್ಕವೂ ತಲೆಕೆಳಗಾಗುತ್ತದೆ. ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹೆ ವಿನ್ಯಾಸ ಮಾಡಿದ, ಬ್ಯಾಂಕೊಂದರ ಹೆಸರು ಹೊತ್ತ ಕಪ್ಪು ಉಕ್ಕಿನ ಗೋಪುರಗಳವು. ಮೊದಲನೆಯದು 56 ಮಹಡಿಯದ್ದು, 1967ರದ್ದು. ಉಕ್ಕಿಗೆ ಬಳಿದದ್ದು ಕಪ್ಪು ಬಣ್ಣ, ಗಾಜಿಗೂ ಕಂಚಿನ ಛಾಯೆ. ಇಂಥ ಗೋಪುರಗಳ ನಡುವೆ ಒಂದು ತುಂಡು ಹುಲ್ಲುಗಾವಲು. ಅದರಲ್ಲಿ ಮಲಗಿವೆ ಏಳು ಕಂಚಿನ ಹಸುಗಳು, ಕೆನಡಾದ ಸಸ್ಕ್ಯಾಚುವಾನ್ ಪ್ರಾಂತ್ಯದ ಶಿಲ್ಪಿ ಜೋ ಫಫಾರ್ಡ್ ಮಾಡಿದವು. ಬೇಸಿಗೆಯಲ್ಲಿ ಆಫೀಸಿನವರು ಪಕ್ಕದಲ್ಲೇ ಕೂತು ಊಟ ಮಾಡುತ್ತಾರೆ. ಜನವರಿಯಲ್ಲಿ ಹೋದರೆ ಹಸುಗಳಷ್ಟೇ ಇರುತ್ತವೆ.

ನಾನು ಹೋದ ಒಂದು ಬೆಳಗ್ಗೆ ಹಿಂದಿನ ರಾತ್ರಿಯ ಸ್ನೋ ಹಾಗೇ ಇತ್ತು. ಒಂದು ಹಸುವಿನ ಬೆನ್ನಿನ ಮೇಲೆ ಗೇಣುದ್ದ ಹಿಮ ಕೂತಿತ್ತು, ಬೆನ್ನುಮೂಳೆಯ ಏರಿಳಿತವನ್ನೇ ಹಿಡಿದುಕೊಂಡು. ಕಿವಿಯ ಬಟ್ಟಲಲ್ಲಿ ಒಂದಿಷ್ಟು. ಮುಖದ ಮೇಲಿನದನ್ನು ಮಾತ್ರ ಯಾರೋ ಕೈಯಿಂದ ಒರೆಸಿದ್ದರು, ಬೆರಳಿನ ಗುರುತು ಕಾಣುತ್ತಿತ್ತು. ಹಸುವಿನ ಮಟ್ಟಕ್ಕೆ ಇಳಿದು ತೆಗೆಯಬೇಕಿತ್ತು. ಈ ಕ್ಯಾಮೆರಾದ ಪರದೆ ಮೇಲಕ್ಕೂ ಕೆಳಕ್ಕೂ ಬಾಗುತ್ತದೆ, ನಿಲುವು ಚಿತ್ರಕ್ಕೆ ಪಕ್ಕಕ್ಕೂ ತೆರೆಯುತ್ತದೆ. ಹಿಮದಲ್ಲಿ ಮಂಡಿಯೂರದೆ ಕೆಲಸವಾಯಿತು. ಹಿಂದಿನ ಕಪ್ಪು ಗೋಪುರ ಮೀಟರನ್ನು ಒಂದು ಕಡೆ ಎಳೆಯುತ್ತದೆ, ಮುಂದಿನ ಹಿಮ ಇನ್ನೊಂದು ಕಡೆ. ಇಲ್ಲಿ ಡಯಲನ್ನು ಸೊನ್ನೆಗೆ ತಂದೆ. ತೀರಾ ಬೆಳ್ಳಗಿನ ಜಾಗದ ವಿವರ ಉಳಿಸುವ ಡೈನಾಮಿಕ್ ರೇಂಜ್ ಸೆಟ್ಟಿಂಗ್ ಡಿಆರ್400ರಲ್ಲಿತ್ತು. ಮನೆಯಿಂದ ಹೊರಡುವಾಗಲೇ ಐಎಸ್‌ಒ 500 ಇಡುವುದು ಇದಕ್ಕೇ, ಅದಕ್ಕಿಂತ ಕಮ್ಮಿಯಲ್ಲಿ ಡಿಆರ್400 ಸಿಗುವುದಿಲ್ಲ. ಚಿತ್ರದಲ್ಲಿ ಬೆನ್ನಿನ ಹಿಮದ ಹರಳೂ ಇದೆ, ಹಿಂದಿನ ಉಕ್ಕಿನ ಪಟ್ಟಿಗಳೂ ಬೇರೆ ಬೇರೆಯಾಗಿ ಕಾಣುತ್ತವೆ. ಊರಿಗೆ ಕಳಿಸಿದಾಗ ಅಮ್ಮ ಫೋನ್ ಮಾಡಿ, "ಪಾಪ, ಅವಕ್ಕೊಂದು ಕೊಟ್ಟಿಗೆ ಕಟ್ಟಿಸಬಾರದಿತ್ತಾ ಆ ಬ್ಯಾಂಕಿನವರು" ಅಂದರು.

ಬೆಳಕಿನ ಬಗ್ಗೆಯೂ ಒಂದು ಮಾತು. ಡಿಸೆಂಬರ್ ಕೊನೆಯಲ್ಲಿ ಟೊರೊಂಟೊದ ನಡುಮಧ್ಯಾಹ್ನಕ್ಕೂ ಸೂರ್ಯ ಸುಮಾರು 23 ಡಿಗ್ರಿಯಷ್ಟೇ ಮೇಲೇರುತ್ತಾನೆ. ಅದೇ ದಿನ ಸಾಗರದಲ್ಲಿ 52 ಡಿಗ್ರಿ. ಅಂದರೆ ಇಲ್ಲಿ ಇಡೀ ದಿನ ಓರೆ ಬಿಸಿಲು. ಗೋಡೆಯ ಒರಟು, ಇಟ್ಟಿಗೆಯ ಸಂದಿ ಎಲ್ಲಾ ಎದ್ದು ಕಾಣುತ್ತದೆ. ಗಾಜಿನ ಗೋಪುರಕ್ಕೆ ಬಡಿದ ಬಿಸಿಲು ಎದುರಿನ ಹಳೇ ಕಲ್ಲುಗೋಡೆಯ ಮೇಲೆ ಚೌಕ ಚೌಕವಾಗಿ ಬೀಳುತ್ತದೆ. ಬೇ ಬೀದಿಯಲ್ಲಿ ಇದನ್ನು ನೋಡೋಕೆಂದೇ ನಡೆಯಬಹುದು. ನೀಲಿ ಆಕಾಶದ ದಿನ ಹಿಮದ ಮೇಲಿನ ನೆರಳೂ ನೀಲಿ. ಅದನ್ನು ತಿದ್ದಿ ಬಿಳಿ ಮಾಡಬೇಡಿ ಅನ್ನುವುದು ನನ್ನ ಮನವಿ. ಬೆಳಕಿನ ಬಣ್ಣ ಸರಿಪಡಿಸುವ ವೈಟ್ ಬ್ಯಾಲೆನ್ಸನ್ನು ಡೇಲೈಟ್‌ಗೆ ಇಟ್ಟರೆ ಆ ನೀಲಿ ಉಳಿಯುತ್ತದೆ.

ಇನ್ನು ಗೆರೆಗಳ ವಿಷಯ. ಎತ್ತರದ ಕಟ್ಟಡಕ್ಕೆ ಕ್ಯಾಮೆರಾ ಮೇಲಕ್ಕೆತ್ತಿದ ಕೂಡಲೇ ಗೋಡೆಗಳು ಹಿಂದಕ್ಕೆ ವಾಲುತ್ತವೆ. ಸರಿಯಾದ ದಾರಿ ಕ್ಯಾಮೆರಾವನ್ನು ಮಟ್ಟವಾಗಿ ಹಿಡಿಯುವುದು. ಆಗ ಚಿತ್ರದ ಕೆಳಗಿನ ಅರ್ಧ ಬರೀ ರಸ್ತೆ. ಅದನ್ನು ಕತ್ತರಿಸಿ ಹಾಕಬೇಕು. 40 ಮೆಗಾಪಿಕ್ಸೆಲ್ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. 7728 ಗುಣಿಸು 5152 ಪಿಕ್ಸೆಲ್‌ನಲ್ಲಿ ಅರ್ಧ ಕತ್ತರಿಸಿದರೂ 20 ಮೆಗಾಪಿಕ್ಸೆಲ್ ಕೈಲಿ ಉಳಿಯುತ್ತದೆ, ಗೋಡೆಗೆ ತೂಗುಹಾಕುವ ಪ್ರಿಂಟಿಗೆ ಧಾರಾಳ ಸಾಕು. ಕಟ್ಟಡಗಳಿಗೆ ನಾನು ಇನ್ನೂ ಅಗಲ ನೋಟದ 16 ಎಂಎಂ ಎಫ್2.8 ಲೆನ್ಸ್ ಹಾಕುತ್ತೇನೆ. 155 ಗ್ರಾಂ, ಜೇಬಲ್ಲಿ ಕೂರುತ್ತದೆ. ವ್ಯೂಫೈಂಡರ್ ಒಳಗೇ ಮಟ್ಟದ ಗೆರೆ ಕಾಣುತ್ತದೆ, ಅದು ಹಸಿರಾಗುವ ತನಕ ಕಾಯುವುದು ಅಷ್ಟೇ.

ಟೊರೊಂಟೊ ಸಿಟಿ ಹಾಲ್‌ನಲ್ಲಿ ಇದನ್ನು ಮಾಡಿ ನೋಡಿ. ಫಿನ್‌ಲ್ಯಾಂಡಿನ ವಾಸ್ತುಶಿಲ್ಪಿ ವಿಲ್ಯೊ ರೆವೆಲ್ ವಿನ್ಯಾಸ. ಕಟ್ಟಡ ತೆರೆದದ್ದು 1965ರಲ್ಲಿ, ಅವರು 1964ರಲ್ಲೇ ತೀರಿಕೊಂಡಿದ್ದರು. 27 ಮಹಡಿಯದ್ದೊಂದು, 20 ಮಹಡಿಯದ್ದೊಂದು, ಬಾಗಿದ ಎರಡು ಗೋಪುರಗಳು ನಡುವಿನ ತಟ್ಟೆಯಾಕಾರದ ಸಭಾಂಗಣವನ್ನು ತಬ್ಬಿಕೊಂಡಿವೆ. ಕಿಟಕಿಗಳೆಲ್ಲ ಒಳಮುಖಕ್ಕೆ, ಬೆನ್ನು ಪೂರಾ ಕಾಂಕ್ರೀಟ್. ಎಲ್ಲರೂ ಮುಂಭಾಗ ತೆಗೆಯುತ್ತಾರೆ. ನನಗೆ ಇಷ್ಟ ಆ ಬೆನ್ನು. ಸಂಜೆಯ ಓರೆ ಬಿಸಿಲಿಗೆ ಅದರ ಉದ್ದುದ್ದ ಗೀರುಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ.

ಎದುರಿನ ನೇಥನ್ ಫಿಲಿಪ್ಸ್ ಚೌಕದ ಕೊಳ ಚಳಿಗಾಲದಲ್ಲಿ ಸ್ಕೇಟಿಂಗ್ ಅಂಗಳವಾಗುತ್ತದೆ. ಐದು ಗಂಟೆಗೇ ಕತ್ತಲು, ದೀಪ ಹತ್ತಿರುತ್ತದೆ. ಹೊಸದಾಗಿ ದೇಶಕ್ಕೆ ಬಂದವರು ಕಂಬಿ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಡುತ್ತಾರೆ, ಅವರ ಮಕ್ಕಳು ಆಗಲೇ ಸುಂಯ್ ಅಂತ ದಾಟಿ ಹೋಗಿರುತ್ತಾರೆ. ಶಟರ್ ಡಯಲ್ 1/15 ಸೆಕೆಂಡಿಗೆ ತಂದು, ಮೊಣಕೈ ಮೈಗೆ ಒತ್ತಿ ಹಿಡಿದು ತೆಗೆಯಿರಿ. ಕ್ಯಾಮೆರಾದ ಒಳಗಿನ ಸ್ಟೆಬಿಲೈಸೇಶನ್ ಗೋಪುರವನ್ನು ಅಲುಗಾಡದಂತೆ ಹಿಡಿಯುತ್ತದೆ, ಓಡುವ ಮಕ್ಕಳು ಬಣ್ಣದ ಗೆರೆಯಾಗುತ್ತಾರೆ, ಕಂಬಿ ಹಿಡಿದ ಅಪ್ಪ ಮಾತ್ರ ನಿಚ್ಚಳವಾಗಿ ನಿಂತಿರುತ್ತಾನೆ. ಇಂಥ ಚಿತ್ರಕ್ಕೆ ಮುಂಚೆ ಟ್ರೈಪಾಡ್ ಬೇಕಿತ್ತು. ಟ್ರೈಪಾಡ್ ಅಂದರೆ ತಾಪತ್ರಯ. ಒಂದು ಆಫೀಸ್ ಗೋಪುರದ ಅಂಗಳದಲ್ಲಿ ಅದನ್ನು ಬಿಚ್ಚಿದ ಕೂಡಲೇ ಕಾವಲಿನವರು ಬಂದು ಎತ್ತಿಕೊಂಡು ಹೋಗಿ ಅಂದರು. ಕೈಲಿ ಹಿಡಿದ ಸಣ್ಣ ಕ್ಯಾಮೆರಾಗೆ ಈ ತನಕ ಯಾರೂ ಏನೂ ಅಂದಿಲ್ಲ.

ಸ್ನೋ ಬೀಳುವಾಗ ಆಟೋಫೋಕಸ್ ಹತ್ತಿರದ ಹಿಮದ ಚೂರನ್ನೇ ಹಿಡಿದುಬಿಡಬಹುದು. ಯಾವ ಕ್ಯಾಮೆರಾದಲ್ಲೂ ಹೀಗಾಗುತ್ತದೆ. ಮುಂದುಗಡೆಯ ಸ್ವಿಚ್ಚನ್ನು ಮ್ಯಾನ್ಯುಯಲ್‌ಗೆ ತಿರುಗಿಸಿ, ಎಫ್8 ಇಟ್ಟು, 23 ಎಂಎಂ ಲೆನ್ಸನ್ನು ಮೂರು ಮೀಟರ್ ಚಿಲ್ಲರೆಗೆ ಫೋಕಸ್ ಮಾಡಿ ಬಿಟ್ಟರೆ ಎರಡು ಮೀಟರಿನಿಂದಾಚೆ ಎಲ್ಲವೂ ಹೆಚ್ಚುಕಮ್ಮಿ ಸ್ಪಷ್ಟ. ಸ್ಪಡೈನಾ ಬೀದಿಯಲ್ಲಿ ಕೆಂಪು ಸ್ಟ್ರೀಟ್‌ಕಾರ್ ಬರುವಾಗ, ಉಪ್ಪು ಬಿದ್ದು ಬೆಳ್ಳಗಾದ ಬೂಟುಗಳು ಕೆಸರು ದಾಟುವಾಗ ನಾನು ಬಳಸುವುದು ಇದನ್ನೇ.

ಈಗ ಚಳಿಯ ಲೆಕ್ಕಾಚಾರ. ನೀರು, ಧೂಳು ಹೋಗದಂತೆ ಈ ಕ್ಯಾಮೆರಾದ ಮೈಯನ್ನು 56 ಕಡೆ ಸೀಲ್ ಮಾಡಿದ್ದಾರೆ. ಕಂಪನಿ ಭರವಸೆ ಕೊಡುವುದು ಮೈನಸ್ 7 ಡಿಗ್ರಿ ತನಕ. ಟೊರೊಂಟೊದ ಜನವರಿಗೆ ಅದು ಸಾಲದು. ನಾನು ಮೈನಸ್ 15ರಲ್ಲೂ ಬಳಸಿದ್ದೇನೆ, ಕೈಕೊಟ್ಟಿಲ್ಲ. ಆದರೂ ಕಂಪನಿ ಹೇಳದ್ದನ್ನು ನಾನು ಹೇಳಲಾರೆ. ಇನ್ನೂ ಚಳಿಯ ವಿನಿಪೆಗ್, ಎಡ್ಮಂಟನ್ ಕಡೆಯವರು ಇದನ್ನು ಯೋಚಿಸಿಯೇ ಕೊಳ್ಳಬೇಕು. ಬ್ಯಾಟರಿ ಸಾಧಾರಣ ಹವೆಯಲ್ಲಿ 580 ಚಿತ್ರದ ಲೆಕ್ಕದ್ದು. ಚಳಿಗೆ ಲಿಥಿಯಂ ಬ್ಯಾಟರಿಯ ಒಳಗಿನ ಕ್ರಿಯೆ ಮಂದವಾಗುತ್ತದೆ, ಆದ್ದರಿಂದ ಅಷ್ಟು ಸಿಗುವುದಿಲ್ಲ. ಎರಡನೇ ಬ್ಯಾಟರಿಯನ್ನು ಒಳ ಅಂಗಿಯ ಜೇಬಿನಲ್ಲಿ, ಮೈಗೆ ತಾಗುವಂತೆ ಇಡಿ. ಮೊದಲನೆಯದು ಸೋತಾಗ ಬದಲಿಸಿ, ಸೋತದ್ದನ್ನು ಅದೇ ಜೇಬಿಗೆ ಹಾಕಿ. ಬೆಚ್ಚಗಾದ ಮೇಲೆ ಅದರಲ್ಲೂ ಸ್ವಲ್ಪ ಜೀವ ಬರುತ್ತದೆ. ಡಬ್ಬಿಯಲ್ಲಿ ಬೇರೆ ಚಾರ್ಜರ್ ಕೊಡುವುದಿಲ್ಲ, ಕ್ಯಾಮೆರಾದೊಳಗೇ ಯುಎಸ್‌ಬಿ ಕೇಬಲ್ ಚುಚ್ಚಬೇಕು. ಎರಡು ಬ್ಯಾಟರಿ ಇಟ್ಟುಕೊಳ್ಳುವವರು ಚಾರ್ಜರ್ ಖರ್ಚನ್ನೂ ಸೇರಿಸಿಕೊಳ್ಳಿ. ಈ ಮಾಡೆಲ್‌ಗೆ ಹೆಚ್ಚುವರಿ ಬ್ಯಾಟರಿ ಹಿಡಿಸುವ ಬ್ಯಾಟರಿ ಗ್ರಿಪ್ ಕೂಡ ಇಲ್ಲ.

ಚಳಿಗಿಂತ ಅಪಾಯ ಬೆಚ್ಚಗಿನ ಮನೆ. ಹೆಪ್ಪುಗಟ್ಟಿದ ಕ್ಯಾಮೆರಾವನ್ನು ಹಾಗೇ ಒಳಗೆ ತಂದರೆ ಮನೆಯ ತೇವವೆಲ್ಲ ಅದರ ಮೇಲೆ ಕೂರುತ್ತದೆ. ಹೊರಗೆ ಇರುವಾಗಲೇ ಮೊದಲು ಕಾರ್ಡ್ ತೆಗೆದುಕೊಳ್ಳಿ, ಆಮೇಲೆ ಕ್ಯಾಮೆರಾವನ್ನು ಜಿಪ್ ಚೀಲಕ್ಕೆ ಹಾಕಿ ಮುಚ್ಚಿ. ಒಳಗೆ ಬಂದ ಮೇಲೆ ಒಂದೆರಡು ಗಂಟೆ ಚೀಲ ತೆರೆಯಬೇಡಿ. ತೇವ ಚೀಲದ ಮೇಲೆ ಕೂರುತ್ತದೆ, ನೀವು ಅಷ್ಟರಲ್ಲಿ ಕಾರ್ಡಿನ ಚಿತ್ರ ನೋಡಬಹುದು. ಮಲೆನಾಡಿನ ಮಳೆಗಾಲದಲ್ಲಿ ಬೆಳೆದವರಿಗೆ ಈ ಪ್ಲಾಸ್ಟಿಕ್ ಕೊಟ್ಟೆಯ ಉಪಾಯ ಹೇಳಿಕೊಡಬೇಕಾಗಿಲ್ಲ ಅಲ್ವಾ?

ಮಾಂಟ್ರಿಯಲ್‌ಗೂ ಇದನ್ನು ಒಯ್ದಿದ್ದೆ. ಪ್ಲಾಟೋ ಬಡಾವಣೆಯ ಮನೆಗಳಿಗೆ ಮೆಟ್ಟಿಲು ಹೊರಗೆ, ಕಬ್ಬಿಣದ್ದು, ಕೆಲವು ತಿರುವು ತಿರುವಾಗಿ. ಒಳಗಿನ ಜಾಗ ಉಳಿಸೋಕೆ ಹೀಗೆ ಕಟ್ಟಿದರು. ಬೆಳಗ್ಗೆ ಬೆಳಗ್ಗೆಯೇ ಜನ ಸಲಿಕೆ ಹಿಡಿದು ಮೇಲಿನಿಂದ ಒಂದೊಂದೇ ಮೆಟ್ಟಿಲು ಕೆರೆಯುತ್ತಾ ಇಳಿಯುತ್ತಾರೆ. ಅಲ್ಲಿಗೆ ಕ್ಯಾಮೆರಾದಲ್ಲೇ ಇರುವ ಕ್ಲಾಸಿಕ್ ಕ್ರೋಮ್ ಅನ್ನುವ ಬಣ್ಣದ ಸೆಟ್ಟಿಂಗ್ ಒಪ್ಪುತ್ತದೆ, ಬಾಗಿಲುಗಳ ಹಸಿರು, ಕೆಂಪು ಕೂಗಾಡುವುದಿಲ್ಲ. ವಾಸ್ತುಶಿಲ್ಪಿ ಮೋಶೆ ಸಫ್ಡಿಯವರ ಹ್ಯಾಬಿಟ್ಯಾಟ್ 67ಗೆ ಮಾತ್ರ ಅಕ್ರೋಸ್, ಅಂದರೆ ಕಪ್ಪುಬಿಳುಪು. 354 ಕಾಂಕ್ರೀಟ್ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಓರೆಕೋರೆಯಾಗಿ ಪೇರಿಸಿದ ವಸತಿ ಅದು. ಜನ ವಾಸವಿರುವ ಮನೆಗಳು, ಆದ್ದರಿಂದ ಹತ್ತಿರ ಹೋಗಿ ಇಣುಕದೆ ಹಳೇ ಬಂದರಿನ ಕಡೆಯಿಂದ ನೀರಿನಾಚೆಗೆ ತೆಗೆಯುವುದು ಒಳ್ಳೇದು. ಮೋಡದ ದಿನ ಕಾಂಕ್ರೀಟೂ ಆಕಾಶವೂ ಒಂದೇ ಬಣ್ಣ. ಪೆಟ್ಟಿಗೆಗಳ ಮೇಲಿನ ಹಿಮ ಮಾತ್ರ ಬಿಳಿ ಗೆರೆಗಳಾಗಿ ಕಟ್ಟಡದ ನಕ್ಷೆಯನ್ನೇ ಬರೆದು ತೋರಿಸುತ್ತದೆ. ನನ್ನಂಥವಳಿಗೆ ಇನ್ನೇನು ಬೇಕು?

ಯಾರು ಕೊಳ್ಳಬೇಕು? ಆಟ, ಹಕ್ಕಿ, ಓಡುವ ನಾಯಿ ತೆಗೆಯುವವರಿಗೆ ಇದಕ್ಕಿಂತ ಚುರುಕಾದ ಕ್ಯಾಮೆರಾಗಳಿವೆ. ನಿಂತ ಕಟ್ಟಡ, ನಡೆಯುವ ಜನ, ಬೀಳುವ ಸ್ನೋ ಸಾಕು ಅನ್ನುವವರಿಗೆ ನಾನು ಕಣ್ಣು ಮುಚ್ಚಿ ಹೇಳುತ್ತೇನೆ, ತಗೊಳ್ಳಿ. ಬಂದದ್ದು 2022ರ ಕೊನೆಗೆ, ಈಗ ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಉಳಿದ ಹಣಕ್ಕೆ ಒಳ್ಳೇ ಗ್ಲೌಸ್ ತಗೊಳ್ಳಿ, ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಮಡಚಿ ತೆರೆಯುವಂಥದ್ದು. ಅಂಗಡಿಯಲ್ಲಿ ಕ್ಯಾಮೆರಾ ನೋಡುವಾಗ ಅದೇ ಗ್ಲೌಸ್ ಹಾಕಿಕೊಂಡು ಮೂರೂ ಡಯಲ್ ತಿರುಗಿಸಿ ನೋಡಿ. ಬ್ಯಾಟರಿ ಮುಚ್ಚಳದ ಸುತ್ತಲಿನ ರಬ್ಬರ್ ಎಲ್ಲೂ ಬಿಟ್ಟುಕೊಂಡಿಲ್ಲ ಅನ್ನುವುದನ್ನೂ ನೋಡಿಕೊಳ್ಳಿ.