ಎಪಿಕ್ 9654: ಕೋರ್ 96, ಆದರೆ ಮೆಮೊರಿ ಮುಂದೆ ಕ್ಯೂ

ಎಎಂಡಿಯ ಎಪಿಕ್ 9654 ಸರ್ವರ್ ಪ್ರೊಸೆಸರನ್ನು ಎರಡು ವರ್ಷಕ್ಕೂ ಜಾಸ್ತಿ ಬರೀ ಗಣಿತದ ಕೆಲಸಕ್ಕೇ ಓಡಿಸುತ್ತಿದ್ದೇನೆ. ವೆಬ್‌ಸೈಟ್ ಇಲ್ಲ, ಡೇಟಾಬೇಸ್ ಇಲ್ಲ. ಹೆಚ್ಚಿನ ಹೊತ್ತು ಮೆರ್ಸೆನ್ ಸಂಖ್ಯೆಗಳು (2ರ ಘಾತದಿಂದ 1 ಕಳೆದವು) ಅವಿಭಾಜ್ಯವೇ ಅನ್ನುವ ಪರೀಕ್ಷೆ, ಮಧ್ಯೆ ಮಧ್ಯೆ ದೊಡ್ಡ ಮ್ಯಾಟ್ರಿಕ್ಸ್‌ಗಳು. ಎಲ್ಲರೂ ಕೇಳುವುದು ಒಂದೇ, "96 ಕೋರ್ ಅಂದ್ರೆ ಎಷ್ಟು ಪಟ್ಟು ಫಾಸ್ಟ್?" ಅಂತ. ಯಾವ ಲೆಕ್ಕ ಅಂತ ಹೇಳದೆ ಇದಕ್ಕೆ ಉತ್ತರ ಕೊಡುವುದಕ್ಕೆ ಆಗಲ್ಲ.

ಮ್ಯಾಟ್ರಿಕ್ಸ್ ಗುಣಾಕಾರವಾದರೆ ಖುಷಿಯಿಂದ ಹೇಳುತ್ತೇನೆ, ಸೂಪರ್. ಇದರಲ್ಲಿರುವ ಜೆನ್ 4 ಪೀಳಿಗೆಯ ಕೋರ್ ಒಂದು ಕ್ಲಾಕ್‌ಗೆ 16 ಡಬಲ್ ಪ್ರಿಸಿಷನ್ (64 ಬಿಟ್‌ನ ದಶಮಾಂಶ ಸಂಖ್ಯೆಯ) ಲೆಕ್ಕ ಮಾಡುತ್ತದೆ. ಬೇಸ್ ಕ್ಲಾಕ್ 2.4 ಗಿಗಾಹರ್ಟ್ಸ್ ಹಿಡಿದರೂ ಒಟ್ಟು ಸುಮಾರು 3.7 ಟೆರಾಫ್ಲಾಪ್ಸ್ (ಸೆಕೆಂಡಿಗೆ 3.7 ಲಕ್ಷ ಕೋಟಿ ಲೆಕ್ಕ) ಆಯಿತು. ಲಿನ್‌ಪ್ಯಾಕ್ (ಮ್ಯಾಟ್ರಿಕ್ಸ್ ಲೆಕ್ಕದ ಬೆಂಚ್‌ಮಾರ್ಕ್) ಥರದ ಕೆಲಸದಲ್ಲಿ ಒಮ್ಮೆ ಕ್ಯಾಶ್‌ಗೆ (ಪ್ರೊಸೆಸರ್ ಒಳಗಿನ ಚಿಕ್ಕ, ವೇಗದ ಮೆಮೊರಿಗೆ) ತಂದ ತುಂಡನ್ನೇ ಮತ್ತೆ ಮತ್ತೆ ಬಳಸುವುದರಿಂದ ಕೋರ್‌ಗಳು ಸುಮ್ನೆ ಕೂರುವುದು ಕಡಿಮೆ. ಎವಿಎಕ್ಸ್-512 (ಒಂದೇ ಆದೇಶದಲ್ಲಿ 512 ಬಿಟ್ ಡೇಟಾದ ಲೆಕ್ಕ) ಇದೆ, ಆದರೆ ಒಳಗೆ 256 ಬಿಟ್‌ನ ಎರಡು ಕಂತಿನಲ್ಲಿ ನಡೆಯುತ್ತದೆ. ಅದರಿಂದ ನನಗೇನೂ ಬೇಜಾರಿಲ್ಲ.

ಬೇಜಾರು ಇರುವುದು ಮೆಮೊರಿಯಲ್ಲಿ. ಡಿಡಿಆರ್5-4800, 12 ಚಾನೆಲ್ (ಮೆಮೊರಿಗೆ ಹೋಗುವ ದಾರಿ), ಕಾಗದದ ಮೇಲೆ ಸೆಕೆಂಡಿಗೆ 460.8 ಜಿಬಿ. ಕೇಳುವುದಕ್ಕೆ ಭರ್ಜರಿ. 96ರಿಂದ ಭಾಗಿಸಿ ನೋಡಿ, ಕೋರ್‌ಗೆ ಸಿಗುವುದು 4.8 ಜಿಬಿ. ಡಿಡಿಆರ್4-3200 ಹಾಕಿದ 4 ಕೋರ್‌ನ ಹಳೆಯ ಡೆಸ್ಕ್‌ಟಾಪ್‌ನಲ್ಲಿ ಎರಡೇ ಚಾನೆಲ್, ಆದರೂ ಕೋರ್‌ಗೆ 12.8 ಜಿಬಿ! ಊಟಕ್ಕೆ ಕೂತವರು ಜಾಸ್ತಿ, ಬಡಿಸುವವರು ಕಡಿಮೆ ಅನ್ನುವ ಪರಿಸ್ಥಿತಿ.

ಮೆರ್ಸೆನ್ ಪರೀಕ್ಷೆಯ ಪ್ರೋಗ್ರಾಂ ಪ್ರೈಮ್95 ಓಡಿಸಿದಾಗ ಇದು ಎದ್ದು ಕಾಣುತ್ತದೆ. 12 ಕೋಟಿ ಆಸುಪಾಸಿನ ಘಾತಾಂಕ ತೆಗೆದುಕೊಂಡರೆ ಎಫ್‌ಎಫ್‌ಟಿಯ (ದೊಡ್ಡ ಸಂಖ್ಯೆಗಳನ್ನು ಬೇಗ ಗುಣಿಸುವ ವಿಧಾನದ) ಡೇಟಾವೇ 50 ಎಂಬಿ ದಾಟುತ್ತದೆ, ಮತ್ತು ಪ್ರತಿ ಸುತ್ತಿನಲ್ಲೂ ಅದನ್ನೆಲ್ಲ ಓದಿ ಬರೆಯಬೇಕು, ಇಂಥ ಸುತ್ತುಗಳು ಕೋಟಿಗಟ್ಟಲೆ. ಡಬ್ಬಿಯ ಮೇಲೆ ಎಲ್3 ಕ್ಯಾಶ್ 384 ಎಂಬಿ ಅಂತ ಇದೆಯಲ್ಲ, ಅದು ಒಂದೇ ದೊಡ್ಡ ಗೋದಾಮಲ್ಲ. 12 ಚಿಪ್ಲೆಟ್ (ಪ್ರೊಸೆಸರ್ ಒಳಗಿನ ಪುಟ್ಟ ಚಿಪ್), ಒಂದೊಂದರಲ್ಲಿ 8 ಕೋರ್, ಆ 8 ಕೋರ್‌ಗೆ 32 ಎಂಬಿ. ಚಿಪ್ಲೆಟ್‌ಗೆ ಒಂದು ಪರೀಕ್ಷೆ ಕೊಟ್ಟರೆ ಡೇಟಾ ಕ್ಯಾಶ್‌ನಲ್ಲಿ ಹಿಡಿಯದೆ ಹನ್ನೆರಡೂ ಒಟ್ಟಿಗೆ ಮೆಮೊರಿಗೆ ಮುಗಿಬೀಳುತ್ತವೆ. ಎಲ್ಲ 96 ಕೋರನ್ನೂ ಒಂದೇ ಪರೀಕ್ಷೆಗೆ ಕಟ್ಟಿದರೆ ಆ ಒಂದು ಬೇಗ ಮುಗಿಯುತ್ತದೆ ನಿಜ, ಆದರೆ ಥ್ರೆಡ್‌ಗಳು (ಕೋರ್‌ಗಳಿಗೆ ಹಂಚಿದ ಕೆಲಸದ ಎಳೆಗಳು) ಒಂದಕ್ಕೊಂದು ಕಾಯುವುದರಲ್ಲೇ ಹೊತ್ತು ಹೋಗಿ ಒಟ್ಟು ಉತ್ಪಾದನೆ ಬೀಳುತ್ತದೆ. ಎರಡು ಚಿಪ್ಲೆಟ್‌ಗೆ ಒಂದರಂತೆ ಕೊಡುವ ಮಧ್ಯದ ದಾರಿಯೂ ಇದೆ. ಆಗ ಡೇಟಾ ಹಿಡಿಯುತ್ತದೆ, ಆದರೆ ಅರ್ಧ ಡೇಟಾ ಪಕ್ಕದ ಚಿಪ್ಲೆಟ್‌ನಿಂದ ಬರಬೇಕು. ಎಫ್‌ಎಫ್‌ಟಿ ಗಾತ್ರ ಬದಲಾದ ಹಾಗೆ ಗೆಲ್ಲುವ ದಾರಿಯೂ ಬದಲಾಗುತ್ತದೆ, ಹಾಗಾಗಿ ಪ್ರೈಮ್95ರ ಒಳಗೇ ಇರುವ ಥ್ರೂಪುಟ್ (ಒಟ್ಟು ಉತ್ಪಾದನೆ) ಬೆಂಚ್‌ಮಾರ್ಕ್‌ನಲ್ಲಿ ವರ್ಕರ್ (ಒಟ್ಟಿಗೆ ನಡೆಯುವ ಪರೀಕ್ಷೆಗಳ) ಸಂಖ್ಯೆ ಬದಲಿಸಿ ಬದಲಿಸಿ ನೋಡುವುದೇ ಸರಿ. ಬೇರೆಯವರ ಚಾರ್ಟ್ ನೋಡಿ ಸೆಟ್ಟಿಂಗ್ ನಕಲು ಮಾಡಬೇಡಿ.

ಈ ಕೆಲಸಕ್ಕೇ ಅಂತ ಹೊಸದಾಗಿ ಕೊಳ್ಳುವವರು 9684ಎಕ್ಸ್ ನೋಡಿ. ಕೋರ್ ಅಷ್ಟೇ, ಆದರೆ ಚಿಪ್ಲೆಟ್‌ಗೆ ಎಲ್3 ಕ್ಯಾಶ್ 96 ಎಂಬಿ, ಒಟ್ಟು 1152. ಮೇಲೆ ಹೇಳಿದ ಡೇಟಾ ಒಂದೇ ಚಿಪ್ಲೆಟ್‌ನಲ್ಲಿ ಆರಾಮಾಗಿ ಕೂರುತ್ತದೆ. ಮ್ಯಾಟ್ರಿಕ್ಸ್ ಮಾತ್ರ ಮಾಡುವವರಿಗೆ ಅದು ದಂಡ.

ಇನ್ನೊಂದು ಸಿಟ್ಟಿನ ವಿಷಯ. ಸರ್ವರ್ ಕೊಟ್ಟವರು 12 ಸ್ಲಾಟ್‌ಗಳಲ್ಲಿ 8ಕ್ಕೆ ಮಾತ್ರ ಮೆಮೊರಿ ಹಾಕಿ ಕಳಿಸಿದ್ದರು. ಕೇಳಿದರೆ "ಒಟ್ಟು ಜಿಬಿ ಸಾಕಷ್ಟಿದೆ ಸಾರ್, ಏನೂ ತೊಂದರೆ ಇಲ್ಲ" ಅಂದರು. ತೊಂದರೆ ಇದೆ! 460.8 ಅಲ್ಲೇ 307.2ಕ್ಕೆ ಇಳಿಯಿತಲ್ವಾ? ಎಷ್ಟು ಜಿಬಿ ಅನ್ನುವುದಕ್ಕಿಂತ ಎಷ್ಟು ಚಾನೆಲ್ ತುಂಬಿದೆ ಅಂತ ಆರ್ಡರ್ ಕೊಡುವಾಗಲೇ ಬರೆಸಿಕೊಳ್ಳಿ, ಬಂದ ದಿನವೇ ಮೆಮೊರಿ ವೇಗ ಅಳೆಯುವ ಸ್ಟ್ರೀಮ್ ಬೆಂಚ್‌ಮಾರ್ಕ್ ಓಡಿಸಿ.

ಬಯಾಸ್‌ನಲ್ಲಿ (ಮಷಿನ್‌ನ ಮೂಲ ಸೆಟ್ಟಿಂಗ್‌ಗಳಲ್ಲಿ) ಎನ್‌ಪಿಎಸ್4 ಇಟ್ಟಿದ್ದೇನೆ. ಆಗ ಪ್ರೊಸೆಸರ್ ನಾಲ್ಕು ಭಾಗವಾಗಿ, ಒಂದೊಂದಕ್ಕೂ ಹತ್ತಿರದ ಮೂರು ಚಾನೆಲ್ ಬರುತ್ತದೆ. ಜೊತೆಗೆ ನ್ಯೂಮಾಕಂಟ್ರೋಲ್ (numactl) ಕಮಾಂಡ್‌ನಲ್ಲಿ ಕೆಲಸವನ್ನು ಆಯಾ ಭಾಗಕ್ಕೆ ಕಟ್ಟಿಹಾಕಬೇಕು, ಇಲ್ಲದಿದ್ದರೆ ಎನ್‌ಪಿಎಸ್4 ಇಟ್ಟೂ ಪ್ರಯೋಜನವಿಲ್ಲ. ಎಸ್‌ಎಂಟಿ (ಒಂದು ಕೋರ್‌ನಲ್ಲಿ ಎರಡು ಥ್ರೆಡ್) ಆಫ್. ಇಂಥ ಲೆಕ್ಕದಲ್ಲಿ ಒಂದೇ ಥ್ರೆಡ್ ಕೋರ್‌ನ ಗಣಿತದ ಭಾಗವನ್ನು ತುಂಬಿಸಿಬಿಡುತ್ತದೆ, ಎರಡನೆಯದು ಬಂದು ಕ್ಯಾಶ್‌ಗೆ ಜಗಳ ಆಡುತ್ತದೆ ಅಷ್ಟೇ.

ಬಿಸಿ ಬಗ್ಗೆ: ಟಿಡಿಪಿ (ಕೂಲರ್ ಹೊರಹಾಕಬೇಕಾದ ಬಿಸಿ) 360 ವ್ಯಾಟ್. ಐದು ನಿಮಿಷದ ಬೆಂಚ್‌ಮಾರ್ಕ್‌ನಲ್ಲಿ ಕಾಣುವ ಕ್ಲಾಕ್ ಒಂದು ಗಂಟೆ ಆದಮೇಲೂ ಇರುತ್ತದೆ ಅಂತ ನಂಬಬೇಡಿ, ಕೋಣೆ ತಂಪಿಲ್ಲದಿದ್ದರೆ ಇರಲ್ಲ. ಫ್ಯಾನ್ ಸದ್ದು? ಪಕ್ಕದಲ್ಲಿ ಕೂತು ಫೋನಲ್ಲಿ ಮಾತಾಡುವುದು ಅಸಾಧ್ಯ. ಉತ್ತರ ತಪ್ಪು ಬರುವ ಚಿಂತೆ ಮಾತ್ರ ಇಲ್ಲ, ಬಿಟ್ ತಪ್ಪನ್ನು ತಾನೇ ತಿದ್ದುವ ಇಸಿಸಿ ಮೆಮೊರಿ ಇದೆ, ಪ್ರೈಮ್95 ಮಾಡುವ ಪಿಆರ್‌ಪಿ (ಬಹುಶಃ ಅವಿಭಾಜ್ಯವೇ ಅನ್ನುವ) ಪರೀಕ್ಷೆಯಲ್ಲಿ ಗೆರ್ಬಿಚ್ ಚೆಕ್ ಅನ್ನುವ ತಪಾಸಣೆ ತಪ್ಪನ್ನು ಹಿಡಿದು ಹಿಂದಿನ ಸರಿಯಾದ ಹಂತಕ್ಕೆ ವಾಪಸ್ ಒಯ್ಯುತ್ತದೆ.

2024ರ ಅಕ್ಟೋಬರ್‌ನಲ್ಲಿ ಬಂದ ಎಪಿಕ್ 9755ಕ್ಕೆ ಹೋಗುತ್ತೀರಾ ಅಂತ ಕೇಳುತ್ತಾರೆ. 128 ಕೋರ್, ಪೂರ್ತಿ 512 ಬಿಟ್, ಮ್ಯಾಟ್ರಿಕ್ಸ್‌ಗೆ ಆಸೆ ಆಗುತ್ತದೆ. ಆದರೆ ಡಿಡಿಆರ್5-6000ರಲ್ಲಿ 576 ಜಿಬಿಯನ್ನು 128ಕ್ಕೆ ಹಂಚಿದರೆ ಕೋರ್‌ಗೆ 4.5, ಚಿಪ್ಲೆಟ್‌ಗೆ ಅದೇ 32 ಎಂಬಿ. ಮೆರ್ಸೆನ್ ಕೆಲಸಕ್ಕೆ ಅಂತೂ ನಾನು ಬದಲಾಯಿಸುತ್ತಿಲ್ಲ.